‘ಕಳಪೆ ಕಾಮಗಾರಿ’ ಎಂಬ ಸುಲಭದ ಮಾತು

ಕಳೆದ ತಿಂಗಳು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಕನ್ನಡ ವಿಭಾಗದ ಗೆಳೆಯನೊಬ್ಬ ತನ್ನ ಮೊಬೈಲನ್ನು ನನ್ನ ಕಡೆ ಸರಿಸಿ, ‘ಇದನ್ನ ನೋಡು’ ಎಂದ. ಸೈಬೀರಿಯಾದ ಯಾಕುತ್ಸ್ಕ್ ನಗರದ ವಿಡಿಯೊ. ಕಟ್ಟಡವೊಂದರ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲ ಭೂಮಿ ಬಿಸಿಯಾದಂತೆ ಕರಗುತ್ತಿದೆ, ಮೇಲಿನ ಮನೆಗಳು ವಾಲುತ್ತಿವೆ ಎಂದು ಹಿನ್ನೆಲೆಯ ದನಿ ಹೇಳುತ್ತಿತ್ತು. ಗೆಳೆಯ ನಿಜಕ್ಕೂ ಕಲಕಿಹೋಗಿದ್ದ. ‘ಕಾಲ ಕೆಳಗಿನ ನೆಲಾನೇ ನಂಬಂಗಿಲ್ಲ ಅಂದ್ರ ಮನಷಾ ಹೆಂಗ ಬದುಕಬೇಕು’ ಎಂದ. ಅದರ ಮೇಲೊಂದು ಪದ್ಯ ಬರೆಯುವ ತಯಾರಿಯಲ್ಲಿದ್ದ ಎಂದು ಕಾಣುತ್ತದೆ.

ಅವನ ಊರು ಕುಷ್ಟಗಿ ತಾಲೂಕಿನಲ್ಲಿದೆ. ‘ನಿಮ್ಮ ಮನಿ ಗ್ವಾಡಿ ಬಿರಕ ಬಿಟ್ಟಿಲ್ಲೇನು?’ ಎಂದು ಕೇಳಿದೆ.

‘ಬಿಟ್ಟೈತಿ. ಕಿಡಕಿ ಮೂಲಿಯಿಂದ ಸಜ್ಜಾ ತನಕಾ ಬಿಟ್ಟೈತಿ. ಅದಕ್ಕೇನೀಗ? ಗೌಂಡಿ ಸರಿ ಇರಲಿಲ್ಲ, ಸಿಮೆಂಟ್ ಕದ್ದಾನ.’

ಈ ಲೇಖನ ಹುಟ್ಟಿದ್ದು ಆ ಕೊನೆಯ ವಾಕ್ಯದಿಂದ. ಯಾಕುತ್ಸ್ಕಿನ ಗೋಡೆ ಸೀಳಿದರೆ ಅದು ನೆಲದ ಕಥೆ, ಭೂಗೋಳದ ಕಥೆ, ಪದ್ಯಕ್ಕೆ ಒದಗುವ ದುರಂತ. ಕುಷ್ಟಗಿಯ ಗೋಡೆ ಸೀಳಿದರೆ ಒಬ್ಬ ಗೌಂಡಿಯ ಕಳ್ಳತನ. ನನ್ನ ಗೆಳೆಯ ಒಬ್ಬನೇ ಹೀಗೆ ಯೋಚಿಸುವುದಿಲ್ಲ. ನಮ್ಮ ಜಿಲ್ಲೆಯ ಯಾವುದೇ ಶಾಲೆಯ ಗೋಡೆ, ಅಂಗನವಾಡಿಯ ನೆಲ, ವಸತಿ ಯೋಜನೆಯ ಮನೆ ಬಿರುಕು ಬಿಟ್ಟಾಗ ಪತ್ರಿಕೆಯಲ್ಲಿ ಬರುವ ಎರಡು ಪದ ನಿಮಗೂ ಗೊತ್ತು: ‘ಕಳಪೆ ಕಾಮಗಾರಿ’. ವರದಿಗಾರ ಬರೆಯುತ್ತಾನೆ, ಸದಸ್ಯ ಕೂಗುತ್ತಾನೆ, ಅಧಿಕಾರಿ ಪರಿಶೀಲಿಸುವುದಾಗಿ ಹೇಳುತ್ತಾನೆ. ನೆಲದ ಹೆಸರು ಎಲ್ಲಿಯೂ ಬರುವುದಿಲ್ಲ.

ಕಳಪೆ ಕಾಮಗಾರಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಬೇಕಾದಷ್ಟಿದೆ. ಆದರೆ ಮಣ್ಣಿನ ತಂತ್ರಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ, ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಅದು ಅರ್ಧ ಸತ್ಯ ಹೇಳಿ ಇಡೀ ನೆಲವನ್ನು ಮುಚ್ಚಿಡುತ್ತದೆ.

ಮೊದಲು ಆ ಹಿಮದ ನೆಲದ ವಿಷಯ ಮುಗಿಸಿಬಿಡುತ್ತೇನೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಸೊನ್ನೆ ಡಿಗ್ರಿಗಿಂತ ಕೆಳಗೇ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದರೊಳಗಿನ ಹಿಮ ಕಲ್ಲಿನಂತೆ ಭಾರ ಹೊರುತ್ತದೆ, ಕರಗಿದರೆ ಕೆಸರು. 2007ರಿಂದ 2016ರ ನಡುವಿನ ಸುಮಾರು ಹತ್ತು ವರ್ಷಗಳಲ್ಲಿ ಜಗತ್ತಿನ ಪರ್ಮಾಫ್ರಾಸ್ಟ್ ಸರಾಸರಿ 0.29 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದು ಆಳದ ಕೊಳವೆಗಳಲ್ಲಿ ಅಳೆದು ಕಂಡಿದ್ದಾರೆ. ಅಲ್ಲಿನ ಎಂಜಿನಿಯರುಗಳು ಮನೆಗಳನ್ನು ನೆಲಕ್ಕೆ ತಾಗಿಸದೆ, ಆಳಕ್ಕೆ ಇಳಿಸಿದ ಕಂಬಗಳ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಮನೆಯ ಬಿಸಿ ನೆಲಕ್ಕೆ ಇಳಿಯದಂತೆ ಕೆಳಗೆ ಚಳಿಗಾಳಿ ಆಡಲು ಜಾಗ ಬಿಡುತ್ತಾರೆ. 2020ರ ಮೇ 29ರಂದು ನೊರಿಲ್ಸ್ಕ್ ನಗರದ ವಿದ್ಯುತ್ ಸ್ಥಾವರವೊಂದರಲ್ಲಿ ಡೀಸೆಲ್ ಟ್ಯಾಂಕು ಕುಸಿದು ಸುಮಾರು 20 ಸಾವಿರ ಟನ್ ಎಣ್ಣೆ ಹರಿಯಿತು. ಕಂಪನಿ ಕರಗುವ ನೆಲದ ಕಡೆ ಬೆರಳು ತೋರಿಸಿತು. ತನಿಖೆ ನಡೆದಾಗ ಕಂಬಗಳ ವಿನ್ಯಾಸ, ನಿರ್ಮಾಣಗಳಲ್ಲೇ ದೋಷ ಸಿಕ್ಕಿತು. ಅಲ್ಲಿ ಬಲ್ಲಿದರು ತಪ್ಪಿಸಿಕೊಳ್ಳಲು ನೆಲದ ಹೆಸರು ಹೇಳಿದರು. ನಮ್ಮಲ್ಲಿ ಬಲ್ಲಿದರು ತಪ್ಪಿಸಿಕೊಳ್ಳಲು ನೆಲದ ಹೆಸರನ್ನೇ ಎತ್ತುವುದಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ.

ಕೊಪ್ಪಳ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಯಲಬುರ್ಗಾ ಕಡೆ ಎರೆ ಹೊಲಗಳು ಕಣ್ಣು ಹಾಯುವವರೆಗೆ. ಕುಷ್ಟಗಿ ಕಡೆ ಮಸಾರಿಯೂ ಎರೆಯೂ ಬೆರೆತಿವೆ. ಕೊಪ್ಪಳದಲ್ಲಿ ಬಂಡೆಯ ಬೆಟ್ಟ ಇಳಿದರೆ ಕಪ್ಪು ನೆಲ. ಗಂಗಾವತಿಯಲ್ಲಿ ಬೆಟ್ಟಗಳ ಸಂದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ವರ್ಷದ ಬಹುಪಾಲು ಒದ್ದೆಯಾಗಿರುವ ಗದ್ದೆ. ಈ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಬಂದ ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳೆಯ ಲೆಕ್ಕದ ವಹಿಯ ಹಾಳೆಗಳಂತೆ ಪದರ ಪದರ. ನೀರು ಬಂದರೆ ಹಾಳೆಗಳ ನಡುವೆ ಹೊಕ್ಕು ವಹಿಯನ್ನು ದಪ್ಪ ಮಾಡುತ್ತದೆ, ನೀರು ಹೋದರೆ ವಹಿ ಮತ್ತೆ ಚಪ್ಪಟೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವುದನ್ನು ಕಂಡವರಿಗೆ ಸೂಕ್ಷ್ಮದರ್ಶಕ ಬೇಕಿಲ್ಲ. ‘ನೆಲ ಬಾಯಿ ಬಿಟ್ಟೈತಿ’ ಎನ್ನುತ್ತಾರೆ ನಮ್ಮವರು.

ಹೊಲದಲ್ಲಿ ಇದು ವರ. ಬಿರುಕಿನೊಳಗೆ ಮೇಲ್ಮಣ್ಣು ಬಿದ್ದು, ಮಳೆಗೆ ಉಬ್ಬಿ, ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮುಂಗಾರಿನ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಬಿಳಿಜೋಳಕ್ಕೂ ಕಡಲೆಗೂ ಕೊಡುತ್ತದೆ. ಮನೆಯ ಕೆಳಗೆ ಇದೇ ಗುಣ ಶಾಪ. ಭಾರತದ ನೆಲದ ಸುಮಾರು ಐದನೇ ಒಂದು ಭಾಗ ಇಂಥ ಕಪ್ಪು ಮಣ್ಣಿನದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಯಾಕುತ್ಸ್ಕಿನ ನೆಲ ಅಲುಗಾಡತೊಡಗಿದ್ದು ಇತ್ತೀಚೆಗೆ. ನಮ್ಮದು ಪ್ರತಿ ವರ್ಷವೂ ಏರಿ ಇಳಿಯುತ್ತ ಬಂದಿದೆ.

ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ, ಬೇರೆಯವರ ಮನೆಯ ಬಿರುಕಿಗೆ ಕೈ ಹಾಕುವುದು ಸಲ್ಲದು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತನ್ನದೇ ದುಡ್ಡು, ಒಂದಿಷ್ಟು ಸಾಲ ಸೇರಿಸಿ ಎರಡು ಖೋಲಿಯ ಆರ್‌ಸಿಸಿ ಮನೆ ಕಟ್ಟಿಸಿದ. ಹಳೆಯ ಮಾಳಿಗೆ ಮನೆಯಿಂದ ಬಿಡುಗಡೆಯಾಯಿತೆಂದು ಅವ್ವ ಹಿಗ್ಗಿದ್ದಳು. ಎರಡನೆಯ ಬೇಸಿಗೆಗೆ ಪಡಸಾಲೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಬಂತು. ನಾಲ್ಕನೆಯ ಬೇಸಿಗೆಗೆ ಅದರಲ್ಲಿ ನನ್ನ ಸ್ಕೇಲು ಹೋಗುತ್ತಿತ್ತು. ಬಾಗಿಲ ಚಿಲಕ ಏಪ್ರಿಲ್‌ನಲ್ಲಿ ತೂತಿಗೆ ಕೂಡುತ್ತಿರಲಿಲ್ಲ, ಸೆಪ್ಟೆಂಬರಿನಲ್ಲಿ ಕೂಡುತ್ತಿತ್ತು. ಅವ್ವ ಬಿರುಕಿಗೆ ಮಣ್ಣು, ಸೆಗಣಿ ಕಲಸಿ ತುಂಬುತ್ತಿದ್ದಳು. ಆರ್‌ಸಿಸಿ ಮನೆಗೆ ಮಣ್ಣು ಮೆತ್ತುವುದೇ ಎಂದು ಅಪ್ಪನಿಗೆ ನಾಚಿಕೆ. ಒಂದು ಮೇ ತಿಂಗಳಲ್ಲಿ ಸಿಮೆಂಟು ಕಲಸಿ ಬಿರುಕಿನ ತುಂಬ ಗಟ್ಟಿಯಾಗಿ ತುಂಬಿಸಿದ. ಆ ಮಳೆಗಾಲ ನೆಲ ಮತ್ತೆ ಉಬ್ಬಿ ಗೋಡೆ ತನ್ನ ಜಾಗಕ್ಕೆ ಮರಳಲು ನೋಡಿದಾಗ ಸಿಮೆಂಟು ನಡುವೆ ಗೂಟದಂತೆ ನಿಂತಿತ್ತು. ಮುಚ್ಚಬೇಕಾಗಿದ್ದ ಬಿರುಕಿನ ಪಕ್ಕದಲ್ಲಿ ಹೊಸದೊಂದು ಬಿರುಕು ಹುಟ್ಟಿತು. ಅವ್ವನ ಮೆತ್ತನೆಯ ಮಣ್ಣಾಗಿದ್ದರೆ ಹಿಸುಕಿಕೊಂಡು ಜಾಗ ಬಿಡುತ್ತಿತ್ತು ಎಂಬುದು ನನಗೆ ತಿಳಿದದ್ದು ಎಂಟೆಕ್ ಮಾಡುವಾಗ. ಅಲ್ಲಿಯವರೆಗೆ ನಾನೂ ಅಪ್ಪನ ಪಕ್ಷ.

ಇಲ್ಲೇ ಒಂದು ಗುರುತು ಹೇಳಿಬಿಡುತ್ತೇನೆ, ನಿಮ್ಮ ಮನೆಗೂ ಉಪಯೋಗವಾದೀತು. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುವ ಬಿರುಕು ಇದ್ದರೆ ಮೊದಲು ನೆಲವನ್ನು ಅನುಮಾನಿಸಿ. ಋತುಮಾನದ ಹಂಗಿಲ್ಲದೆ ಒಂದೇ ದಿಕ್ಕಿನಲ್ಲಿ ಬೆಳೆಯುತ್ತ ಹೋಗುವ ಬಿರುಕಿದ್ದರೆ ಕಾಮಗಾರಿಯನ್ನೋ ಪಾಯದ ಕುಸಿತವನ್ನೋ ವಿಚಾರಿಸಿ. ಗೋಡೆಯ ಮೇಲೆ ಪೆನ್ಸಿಲಿನಿಂದ ಎರಡು ಗೀಟು ಹಾಕಿ, ತಿಂಗಳಿಗೊಮ್ಮೆ ನಡುವಿನ ಅಂತರ ಅಳೆದು ತಾರೀಖು ಬರೆದಿಟ್ಟರೆ ಸಾಕು. ವರ್ಷ ತುಂಬುವಷ್ಟರಲ್ಲಿ ಗೋಡೆ ತಾನೇ ಸಾಕ್ಷಿ ಹೇಳುತ್ತದೆ. ‘ಕಳಪೆ ಕಾಮಗಾರಿ’ ಎಂದು ಬರೆಯುವ ಯಾವ ವರದಿಗಾರನೂ ಈ ಎರಡು ಗೀಟು ಹಾಕಿದ್ದನ್ನು ನಾನು ಕಂಡಿಲ್ಲ.

ನಮ್ಮ ಮನೆಯ ಬಿರುಕು ಬಚ್ಚಲಿನ ಎದುರು ಮೂಲೆಯಲ್ಲಿ ಏಕಿತ್ತು ಎಂಬುದೂ ಆಮೇಲೆ ಹೊಳೆಯಿತು. ಬಚ್ಚಲ ನೀರು ವರ್ಷವಿಡೀ ಒಂದು ಮೂಲೆಯನ್ನು ಒದ್ದೆಯಾಗಿಟ್ಟು ಉಬ್ಬಿಸಿಯೇ ಇಟ್ಟಿತ್ತು. ಎದುರಿನ ಮೂಲೆಯ ಹತ್ತಿರ ಬೇವಿನ ಮರ, ಅದು ಬೇಸಿಗೆಯಲ್ಲಿ ಮಣ್ಣಿನ ಕೊನೆಯ ಹನಿಯನ್ನೂ ಹೀರುತ್ತಿತ್ತು. ಒಂದು ಮೂಲೆ ಏರಿ, ಇನ್ನೊಂದು ಇಳಿದರೆ ನಡುವಿನ ಗೋಡೆ ಹರಿಯದೆ ಇನ್ನೇನು ಮಾಡೀತು?

ಮನೆ ಕಟ್ಟಿದ ಗೌಂಡಿ ಕಾಕಾನನ್ನು ಊರೆಲ್ಲ ಬೈದಿತು. ನಾಲ್ಕು ವರ್ಷದ ಹಿಂದೆ ಅವನನ್ನು ಮಾತಾಡಿಸಿದೆ. ವಯಸ್ಸಾಗಿದೆ, ಕೆಲಸ ಬಿಟ್ಟಿದ್ದಾನೆ. ‘ಕಾಕಾ, ಎರಿಯಾಗ ಎರಡೂವರಿ ಫೂಟು ಪಾಯಾ ಯಾಕ ತಗದಿ?’ ಎಂದೆ. ಅವನು ನಕ್ಕ.

‘ತಂಗೆವ್ವಾ, ಎರಿ ತಗದು ಗರಸು ತುಂಬಬೇಕು ಅನ್ನೂದು ನನಗ ಗೊತ್ತಿಲ್ಲನು? ನಮ್ಮಪ್ಪನ ಕಾಲದಿಂದ ಗೊತ್ತೈತಿ. ಆಳುದ್ದ ತಗದು ತುಂಬಿಸು ಅಂದ್ರ ನಿಮ್ಮಪ್ಪ ಪಾಯಾದಾಗ ರೊಕ್ಕಾ ಮುಗದು ಗ್ವಾಡಿ ಎಬ್ಬಸಾಕ ಇರ್ತಿದ್ದಿಲ್ಲ. ಕಾಣದ ಕೆಲಸಕ್ಕ ಯಾರು ರೊಕ್ಕಾ ಕೊಡ್ತಾರವ್ವಾ?’

ಈ ಗೌಂಡಿಯ ‘ಗರಸು’ ಮತ್ತು ನನ್ನ ವಿಷಯದ ಪಾಠ ಎರಡೂ ಒಂದೇ ಕಡೆ ಕೂಡುತ್ತವೆ. ಮುಂಬೈ ಐಐಟಿಯ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ಅದರ ಮೇಲೆ ಉಬ್ಬದ ಅಂಟುಮಣ್ಣಿನ ದಪ್ಪ ಪದರ ಹಾಸಿದರೆ ಕೆಳಗಿನ ಉಬ್ಬು ಹತೋಟಿಗೆ ಬರುತ್ತದೆಂದು ತೋರಿಸಿದರು. ನಮ್ಮ ಪಕ್ಕದ ಮಲಪ್ರಭಾ ಕಾಲುವೆಗಳ ಕೆಲಸದಲ್ಲಿ ಇದು ಬಳಕೆಯಾಯಿತು. ಕಾಲುವೆಯ ಕಲ್ಲುಹಾಸು ಉಬ್ಬಿ ಒಡೆಯದಂತೆ ಏನು ಮಾಡಬೇಕೆಂಬ ಭಾರತೀಯ ಮಾನಕ ಸಂಹಿತೆಯಲ್ಲಿ ಈ ಪದರಕ್ಕೆ ಜಾಗ ಸಿಕ್ಕಿತು. ಗೌಂಡಿ ಹೇಳದ, ಕಟ್ಟಿಯವರು ಹೇಳಿದ ಒಂದು ಮಾತೂ ಇದೆ: ತುಂಬುವ ಮಣ್ಣಿಗೆ ಅಂಟಿರಬೇಕು. ಬರೀ ಮರಳನ್ನೋ ಸಡಿಲ ಗರಸನ್ನೋ ತುಂಬಿದರೆ ಪಾಯದ ತಗ್ಗು ಹಳ್ಳವಾಗಿ ಸುತ್ತಲಿನ ನೀರೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಅರ್ಧ ತಿಳಿದು ಮಾಡಿದ ಗರಸು ಮಾಡದ್ದಕ್ಕಿಂತ ಕೆಟ್ಟದ್ದು.

ಇನ್ನೊಂದು ದಾರಿಯೂ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲೇ ಎರೆಮಣ್ಣಿಗೆಂದು ಒಂದು ಬಗೆಯ ಕಂಬದ ಪಾಯ ರೂಪಿಸಿದರು. ಕೈಯಿಂದಲೇ ತಿರುಗಿಸುವ ಬೈರಿಗೆಯಿಂದ ಮೂರೂವರೆ, ನಾಲ್ಕು ಮೀಟರ್ ಆಳದ ಕಿರಿದಾದ ಕುಳಿ ತೋಡಿ, ತಳದಲ್ಲಿ ಉಳ್ಳಾಗಡ್ಡಿಯಂತೆ ಅಗಲ ಮಾಡಿ ಕಾಂಕ್ರೀಟು ಸುರಿಯುವುದು. ಮಳೆ, ಬಿಸಿಲು ಮುಟ್ಟುವ ಪದರದ ಕೆಳಗೆ ಅದು ಬೇರೂರುತ್ತದೆ. ಕಂಬಗಳ ತಲೆಯ ಮೇಲೆ ತೊಲೆ ಕೂರಿಸುವಾಗ ನೆಲಕ್ಕೂ ತೊಲೆಗೂ ನಡುವೆ ನಾಲ್ಕು ಬೆರಳಿನಷ್ಟು ಖಾಲಿ ಬಿಡಬೇಕು. ನೆಲ ಉಬ್ಬಿದರೆ ಆ ಖಾಲಿಯೊಳಕ್ಕೆ ಉಬ್ಬಲಿ ಎಂದು. ಯಾಕುತ್ಸ್ಕಿನ ಮನೆಯ ಕೆಳಗಿನ ಖಾಲಿ ಚಳಿಗೆ, ನಮ್ಮದು ಉಬ್ಬಿಗೆ. ಆ ಊರಿನ ಉಪಾಯ ಅಲ್ಲಿ ಬೀದಿ ಬೀದಿಗೆ ಕಾಣುತ್ತದೆ. ಎಪ್ಪತ್ತು ವರ್ಷದಿಂದ ನಮ್ಮ ಬಳಿ ಇರುವ ಉಪಾಯವನ್ನು ನಾನು ಪರೀಕ್ಷೆಗೆ ಚಿತ್ರ ಬರೆದು ಕಲಿತೆ. ನಮ್ಮ ಹಳ್ಳಿಯ ಒಂದು ಮನೆಯ ಕೆಳಗೂ ಅದನ್ನು ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಎಂದರೆ, ನಮ್ಮ ಸರ್ಕಾರಗಳ ಪುಸ್ತಕದಲ್ಲಿ ನೆಲಕ್ಕೆ ಇರುವುದು ಗುಡ್ಡ, ಬಯಲು ಎಂಬ ಎರಡೇ ಹೆಸರು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಕನಿಷ್ಠ 25 ಚದರ ಮೀಟರಿನ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಗುಡ್ಡಗಾಡು, ಈಶಾನ್ಯ ರಾಜ್ಯ ಮತ್ತು ದುರ್ಗಮ ಪ್ರದೇಶಗಳಲ್ಲಿ 1.30 ಲಕ್ಷ ಎಂದು ನಿಗದಿಯಾಯಿತು. ಗುಡ್ಡಕ್ಕೆ ಹತ್ತು ಸಾವಿರ ಹೆಚ್ಚು ಕೊಟ್ಟದ್ದು ನ್ಯಾಯವೇ, ಅಲ್ಲಿಗೆ ಸಾಮಾನು ಸಾಗಿಸುವುದು ಕಷ್ಟ. ಆದರೆ ಎರೆನೆಲ ಯಾವ ಪಟ್ಟಿಯಲ್ಲಿದೆ? ಬಯಲು. ಬಂಡೆಯ ಮೇಲೆ ಕಟ್ಟುವ ಆನೆಗೊಂದಿಯವರಿಗೂ ಎರೆಯ ಮೇಲೆ ಕಟ್ಟುವ ಯಲಬುರ್ಗಾದವರಿಗೂ ಅದೇ ದುಡ್ಡು, ಅದೇ ಪಾಯ. ವಸತಿ ಯೋಜನೆಗಳಲ್ಲಿ ಕಂತು ಬಿಡುಗಡೆಯಾಗುವುದು ಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಫೋಟೊ ತೆಗೆದ ಮೇಲೆ. ಜಿಪಿಎಸ್ ಇರುವ ಫೋಟೊ ಆ ಪಾಯ ಭೂಪಟದ ಮೇಲೆ ಎಲ್ಲಿದೆ ಎಂದು ಹೇಳುತ್ತದೆ. ಎಷ್ಟು ಆಳಕ್ಕಿದೆ, ಯಾವ ಮಣ್ಣಿನಲ್ಲಿದೆ ಎಂದು ಹೇಳುವುದಿಲ್ಲ.

ಇದರಲ್ಲಿ ಬಡವರ ಪಾಲಿಗೆ ಒಂದು ಕ್ರೂರ ಲೆಕ್ಕವೂ ಅಡಗಿದೆ. ಎರೆಮಣ್ಣು ನೀರು ಕುಡಿದು ಉಬ್ಬುವಾಗ ಮೇಲಕ್ಕೆ ಒತ್ತುತ್ತದೆ. ಮೇಲಿನ ಭಾರ ಆ ಒತ್ತಡಕ್ಕಿಂತ ಹೆಚ್ಚಿದ್ದರೆ ನೆಲ ಸೋಲುತ್ತದೆ, ಕಡಿಮೆಯಿದ್ದರೆ ಮನೆ ಸೋಲುತ್ತದೆ. ಪೇಟೆಯ ಮೂರಂತಸ್ತಿನ ಕಟ್ಟಡಕ್ಕೆ ತನ್ನ ತೂಕವೇ ಸ್ವಲ್ಪ ಮಟ್ಟಿಗೆ ಕಾವಲು. ಇಪ್ಪತ್ತೈದು ಚದರ ಮೀಟರಿನ ಒಂದಂತಸ್ತಿನ ಮನೆ ಹಗುರ, ನೆಲ ಅದನ್ನು ಕೂಸಿನಂತೆ ಎತ್ತಿ ಇಳಿಸುತ್ತದೆ. ಅತ್ಯಂತ ಎಚ್ಚರದ ಪಾಯ ಬೇಕಾದದ್ದು ಅತ್ಯಂತ ಸಣ್ಣ ಮನೆಗೆ, ಮತ್ತು ಅದಕ್ಕೇ ದುಡ್ಡಿಲ್ಲ. ಆಮೇಲೆ ಆ ಮನೆಯವನನ್ನೇ ‘ಸರ್ಕಾರದ ದುಡ್ಡು ನುಂಗಿ ಅರ್ಧಂಬರ್ಧ ಕಟ್ಟಿಸಿದ’ ಎನ್ನುತ್ತೇವೆ.

ಮನೆ ಬಿದ್ದೇಹೋದರೆ ಪರಿಹಾರವಿಲ್ಲವೇ ಎಂದು ಕೇಳಬಹುದು. ವಿಕೋಪ ಪರಿಹಾರ ನಿಧಿಗೆ ಕೇಂದ್ರ ಸರ್ಕಾರ ಗುರುತಿಸಿದ ಹನ್ನೆರಡು ವಿಕೋಪಗಳಿವೆ: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟದಾಳಿ, ಹಿಮ ಮತ್ತು ಶೀತಗಾಳಿ. ಹಿಮಪಾತದ ಹಳ್ಳಿಗಳು ನೆನಪಾದವು, ಸುನಾಮಿಯ ಕರಾವಳಿ ನೆನಪಾಯಿತು. ವರ್ಷಕ್ಕೊಮ್ಮೆ ಏರಿ ಇಳಿಯುವ ಕಪ್ಪು ನೆಲ ಯಾರಿಗೂ ನೆನಪಾಗಲಿಲ್ಲ. ಬರ ಪಟ್ಟಿಯಲ್ಲಿದೆ, ನಿಜ. ಆದರೆ ಬರ ಎಂದರೆ ನಮ್ಮವರಿಗೆ ಬೆಳೆ, ದನ, ಕುಡಿಯುವ ನೀರು. ಅದೇ ಬರ ನೆಲವನ್ನು ಕುಗ್ಗಿಸಿ ಗೋಡೆ ಸೀಳಿದರೆ ಅದು ಖಾಸಗಿ ದುಃಖ.

ಇದು ಆಗದ ಮಾತೂ ಅಲ್ಲ. ಆ ಖನಿಜಕ್ಕೆ ಹೆಸರು ಕೊಟ್ಟ ಫ್ರಾನ್ಸ್ ದೇಶವನ್ನೇ ನೋಡಿ. ಬರಗಾಲದಲ್ಲಿ ಜೇಡಿನೆಲ ಕುಗ್ಗಿ ಮನೆ ಬಿರುಕು ಬಿಟ್ಟರೆ ಅದನ್ನು ನೈಸರ್ಗಿಕ ವಿಕೋಪವೆಂದು ವಿಮೆಯ ವ್ಯವಸ್ಥೆಯಲ್ಲಿ 1989ರಿಂದಲೇ ಪರಿಗಣಿಸುತ್ತ ಬಂದಿದ್ದಾರೆ. 2018ರ ಕಾನೂನಿನ ನಂತರ ಜೇಡಿನೆಲದ ಅಪಾಯವಿರುವ ಕಡೆ ಮನೆಕಟ್ಟುವ ನಿವೇಶನ ಮಾರುವವನು ಮಣ್ಣಿನ ಅಧ್ಯಯನದ ವರದಿ ಕೊಡಬೇಕು. ಅಮೆರಿಕದಲ್ಲಿ ಜೋನ್ಸ್ ಮತ್ತು ಹೋಲ್ಟ್ಸ್ ಎಂಬಿಬ್ಬರು ಎಂಜಿನಿಯರುಗಳು 1973ರಲ್ಲೇ ಲೆಕ್ಕ ಹಾಕಿ, ಉಬ್ಬುವ ಮಣ್ಣಿನಿಂದ ಆಗುವ ವಾರ್ಷಿಕ ನಷ್ಟ ನೆರೆ, ಚಂಡಮಾರುತ, ಸುಂಟರಗಾಳಿ, ಭೂಕಂಪಗಳ ಒಟ್ಟು ನಷ್ಟದ ಎರಡು ಪಟ್ಟಿಗಿಂತ ಹೆಚ್ಚು ಎಂದರು. ಅದನ್ನು ಅವರು ಅಡಗಿದ ವಿಕೋಪ ಎಂದು ಕರೆದರು. ಯಾರೂ ಸಾಯುವುದಿಲ್ಲ, ಕ್ಯಾಮೆರಾ ಬರುವುದಿಲ್ಲ, ಮಂತ್ರಿ ಹೆಲಿಕಾಪ್ಟರಿನಲ್ಲಿ ಸುತ್ತುವುದಿಲ್ಲ. ನಮ್ಮಲ್ಲಿಯೂ ರಾಜ್ಯ ಸರ್ಕಾರ ತನ್ನ ವಿಕೋಪ ನಿಧಿಯ ಶೇಕಡಾ 10ರವರೆಗೆ ತಾನೇ ಘೋಷಿಸಿದ ಸ್ಥಳೀಯ ವಿಕೋಪಗಳಿಗೆ ಬಳಸಬಹುದು. ನಿಯಮ ಇದೆ. ಇಲ್ಲದಿರುವುದು ‘ಇದೂ ಒಂದು ವಿಕೋಪ’ ಎಂದು ಹೇಳುವ ಬಾಯಿ.

ಹಳೆಯ ಮನೆಗಳೇ ಚೆಂದವಿದ್ದವು, ಅಜ್ಜಂದಿರು ಎಲ್ಲವನ್ನೂ ಬಲ್ಲವರು ಎಂದು ಇಲ್ಲಿ ಯಾರಾದರೂ ತಲೆದೂಗುವ ಮೊದಲು ತಡೆಯುತ್ತೇನೆ. ನಮ್ಮ ಮಾಳಿಗೆ ಮನೆಯಲ್ಲಿ ಭಾರವನ್ನು ಹೊರುತ್ತಿದ್ದುದು ಮರದ ಕಂಬ, ತೊಲೆ, ಜಂತಿ. ಗೋಡೆ ಬಿರಿದರೂ ಮಾಳಿಗೆ ನಿಲ್ಲುತ್ತಿತ್ತು. ಸಾರಿಸಿದ ನೆಲ ಉಬ್ಬಿದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಸಾರಿಸುವುದು. ಅಲುಗುವ ನೆಲದ ಮೇಲೆ ಅಲುಗಿಕೊಂಡೇ ಇರುವ ಮನೆ ಅದು, ಆ ಬುದ್ಧಿಗೆ ನನ್ನ ಶರಣು. ಆದರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕದ ಮೇಲೆ ಬಿಟ್ಟೂಬಿಡದೆ ಸುರಿದ ಮಳೆಯಲ್ಲಿ ನೆನೆದು ಕುಸಿದದ್ದೂ ಇಂಥವೇ ಮಣ್ಣಿನ ಮನೆಗಳು, ಸಾವಿರಾರು. ಆಗ ನಾನು ಸಣ್ಣವಳು. ಓಣಿಯಲ್ಲಿ ರಾತ್ರಿ ‘ಧಡ್’ ಎಂದು ಕೇಳಿದರೆ ಯಾರ ಮನೆ ಎಂದು ಅವ್ವ ಕತ್ತಲಲ್ಲೇ ಊಹಿಸುತ್ತಿದ್ದಳು. ಆರ್‌ಸಿಸಿ ಮನೆ ಬೇಕು ಎಂದು ಬಯಸಿದ ನಮ್ಮ ಜನರ ಆಸೆಯನ್ನು ಹೀಗಳೆಯುವ ಅಧಿಕಾರ ನಗರದ ಮಣ್ಣಿನ ರೆಸಾರ್ಟಿನಲ್ಲಿ ವಾರಾಂತ್ಯ ಕಳೆಯುವವರಿಗೆ ಇಲ್ಲ. ಹಳೆಯ ಮನೆಯ ಬುದ್ಧಿಯನ್ನು ಬಿಟ್ಟು, ಹೊಸ ಮನೆಯ ಶಾಸ್ತ್ರವನ್ನೂ ಕೊಡದೆ, ಎರಡೂ ಇಲ್ಲದ ಕಾಂಕ್ರೀಟಿನ ಡಬ್ಬಿಯನ್ನು ಅವರ ಕೈಗೆ ಕೊಟ್ಟದ್ದು ನನ್ನ ಆಕ್ಷೇಪ.

ಇನ್ನು ಬಿಸಿಯಾಗುತ್ತಿರುವ ಭೂಮಿಯ ಮಾತು. ಎರೆನೆಲ ಉಬ್ಬಿ ಕುಗ್ಗುವುದು ಹವಾಮಾನ ಬದಲಾವಣೆಯಿಂದ ಶುರುವಾದದ್ದಲ್ಲ, ಎಲ್ಲವನ್ನೂ ಅದರ ತಲೆಗೆ ಕಟ್ಟುವ ಫ್ಯಾಶನ್ನು ನನಗೆ ಬೇಡ. ಆದರೆ ಈ ನೆಲಕ್ಕೆ ಎಲ್ಲಕ್ಕಿಂತ ಕೆಟ್ಟದ್ದು ಉದ್ದನೆಯ ಬರ ಮುಗಿದು ಒಮ್ಮೆಲೇ ಬರುವ ದೊಡ್ಡ ಮಳೆ. ಬರ ಉದ್ದವಾದಷ್ಟೂ ಬಿರುಕು ಆಳಕ್ಕೆ ಇಳಿಯುತ್ತದೆ. ಆಮೇಲೆ ಜಡಿಮಳೆ ಬಂದರೆ ನೀರು ಮೇಲಿನಿಂದ ಮೆಲ್ಲಗೆ ಇಂಗದೆ, ಬಿರುಕಿನ ಬಾವಿಯಲ್ಲಿ ನೇರ ಕೆಳಗೆ ಬಿದ್ದು, ಎಂದೂ ಅಲುಗದಿದ್ದ ಆಳದ ಮಣ್ಣನ್ನೂ ಎಬ್ಬಿಸುತ್ತದೆ. 2022ರಲ್ಲಿ ರಾಜ್ಯದಲ್ಲಿ ವಾಡಿಕೆಗಿಂತ ಹೆಚ್ಚು ಮಳೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ. ಮಳೆ ಹೀಗೆ ಅತಿಯಿಂದ ಅತಿಗೆ ಜಿಗಿಯುವುದು ಹೆಚ್ಚಾದರೆ ಇಷ್ಟು ದಿನ ಮೂರೂವರೆ ಮೀಟರ್ ಎಂದು ನಾವು ಪುಸ್ತಕದಲ್ಲಿ ಬರೆದುಕೊಂಡ ಸುರಕ್ಷಿತ ಆಳವನ್ನೂ ಮತ್ತೆ ಅಳೆಯಬೇಕಾದೀತು. ಗಂಗಾವತಿಯ ಕಡೆ ಇದು ಬೇರೆಯೇ ರೂಪ: ಕಾಲುವೆಗೆ ನೀರು ಬಿಟ್ಟಾಗ ಒಂದು ಕಡೆ ಗದ್ದೆ ತೊಯ್ದಿರುತ್ತದೆ, ರಸ್ತೆಯ ಆಚೆ ಮನೆಗಳ ನೆಲ ಒಣಗಿರುತ್ತದೆ. ನೀರು ಬಿಡದ ವರ್ಷ ಎರಡೂ ಬಿರಿಯುತ್ತವೆ.

ಗಂಗಾವತಿ ಎಂದಾಗ ನೆನಪಾಯಿತು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಭತ್ತದ ಬೇರಿನ ಕೆಳಗೆ ಉಪ್ಪೆಷ್ಟು, ನೀರೆಷ್ಟು ಎಂದು ಅಳೆದಿದ್ದಾರೆ. ಒಳ್ಳೆಯದು. 2015ರಿಂದ ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಸತು, ಬೋರಾನ್ ಸೇರಿ ಹನ್ನೆರಡು ಅಂಶಗಳ ಲೆಕ್ಕವಿರುತ್ತದೆ. ನಮ್ಮಪ್ಪನ ಹತ್ತಿರವೂ ಒಂದು ಚೀಟಿ ಇದೆ. ಅವನ ಹೊಲದ ಸತುವಿನ ಕೊರತೆ ಸರ್ಕಾರಕ್ಕೆ ಗೊತ್ತು. ಅದೇ ಮಣ್ಣು ಅವನ ಮನೆಯನ್ನು ಎಷ್ಟು ಎತ್ತುತ್ತದೆ ಎಂಬುದು ಗೊತ್ತಿಲ್ಲ. ಬೆಳೆ ನಿಲ್ಲುವ ಮಣ್ಣಿಗೆ ಚೀಟಿ ಇದೆ, ಮನುಷ್ಯ ನಿಲ್ಲುವ ಮಣ್ಣಿಗೆ ಇಲ್ಲ.

ಆ ಹದಿಮೂರನೆಯ ಅಂಶವನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಮಣ್ಣನ್ನು ಒಣಗಿಸಿ, ಕುಟ್ಟಿ, ನುಣ್ಣಗೆ ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಸಿಲಿಂಡರುಗಳಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಚೆನ್ನಾಗಿ ಕಲಕಿ ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸ ಶೇಕಡಾ 50 ದಾಟಿದರೆ ಎಚ್ಚರ, 100 ದಾಟಿದರೆ ಸಾದಾ ಪಾಯ ಹಾಕುವ ಮಾತೇ ಬೇಡ. 1977ರಿಂದ ಇದು ಭಾರತೀಯ ಮಾನಕ ಪರೀಕ್ಷೆ. ಈಗ ಹಳ್ಳಿಯಲ್ಲಿ ಸೀಮೆಎಣ್ಣೆ ಹುಡುಕುವುದೇ ಈ ಪರೀಕ್ಷೆಯ ಕಷ್ಟದ ಭಾಗ!

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ವಸತಿ ಯೋಜನೆಯ ಅರ್ಜಿಯಲ್ಲಿ ‘ನಿವೇಶನದ ಮಣ್ಣು’ ಎಂಬ ಒಂದು ಅಂಕಣ ಇರಲಿ. ಉಬ್ಬುವ ಮಣ್ಣೆಂದು ಪರೀಕ್ಷೆಯಲ್ಲಿ ಬಂದರೆ, ಗುಡ್ಡಕ್ಕೆ ಕೊಟ್ಟಂತೆ ಎರೆಗೂ ಹೆಚ್ಚುವರಿ ದುಡ್ಡು ಕೊಡಲಿ. ಹತ್ತು ಸಾವಿರದಲ್ಲಿ ನಾಲ್ಕು ಮೀಟರಿನ ಕಂಬಗಳು ಇಳಿಯುವುದಿಲ್ಲ, ನನಗೂ ಗೊತ್ತು. ಆದರೆ ಒಂದಿಷ್ಟು ಸರಿಯಾದ ಮಣ್ಣು ತುಂಬಿಸಬಹುದು, ಮನೆಯ ಸುತ್ತ ನೀರು ಇಂಗದಂತೆ ಇಳಿಜಾರು ಹಾಸು ಹಾಕಬಹುದು, ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಸಾಗಿಸಬಹುದು, ಗೋಡೆಯ ಬುಡಕ್ಕೊಂದು ಕಿಟಕಿಯ ಮೇಲೊಂದು ಕಾಂಕ್ರೀಟಿನ ಪಟ್ಟಿ ಕಟ್ಟಬಹುದು. ‘ಎಲ್ಲ ಕಡೆ ಕೊಡುತ್ತ ಹೋದರೆ ಖಜಾನೆ ಏನಾಗಬೇಕು’ ಎನ್ನುವ ಅಧಿಕಾರಿಗಳು, ಬಿರುಕು ಬಿಟ್ಟ ಶಾಲೆಗಳ ದುರಸ್ತಿಗೆಂದು ವರ್ಷ ವರ್ಷ ಖರ್ಚಾಗುವ ದುಡ್ಡನ್ನು ಒಮ್ಮೆ ಕೂಡಿಸಿ ನೋಡಲಿ.

ಸಾಹಿತ್ಯದ ಪತ್ರಿಕೆಯಲ್ಲಿ ಪಾಯದ ಮಾತೇಕೆ ಎಂದು ಕೆಲವರು ಕೇಳಿಯಾರು. ನೆಲ, ಬೇರು, ಮಣ್ಣಿನ ವಾಸನೆ ಎಂಬ ಪದಗಳನ್ನು ಅತಿ ಹೆಚ್ಚು ಖರ್ಚು ಮಾಡುವವರು ನಾವೇ ಅಲ್ಲವೇ? ನಮ್ಮ ಕಡೆಯ ಎರಡು ಕಥಾಸಂಕಲನ ತೆಗೆದರೆ ಎರೆಮಣ್ಣು ತಾಯಿಯಾಗಿಯೋ ಬಸುರಿಯಾಗಿಯೋ ಕಾಣಿಸಿಕೊಳ್ಳುತ್ತದೆ. ಅದು ಗೋಡೆ ಸೀಳುವ ಮಣ್ಣಾಗಿ ಎಲ್ಲಿ ಬಂದಿದೆ? ಮಗಳ ಮದುವೆಗೆಂದು ಸುಣ್ಣ ಬಳಿದ ಗೋಡೆ ಬೀಗರು ಬರುವ ಹೊತ್ತಿಗೆ ಮತ್ತೆ ಬಿರಿದು, ಅದರ ಮೇಲೆ ದೇವರ ಕ್ಯಾಲೆಂಡರ್ ತೂಗುಹಾಕುವ ಮನೆಗಳು ನಮ್ಮ ಓಣಿಯಲ್ಲಿ ನಾಲ್ಕಿವೆ. ನನ್ನ ಗೆಳೆಯ ಯಾಕುತ್ಸ್ಕಿನ ಪದ್ಯ ಬರೆಯಲಿ, ಬೇಡವೆನ್ನುವುದಿಲ್ಲ. ಅವನ ಮನೆಯ ಕಿಟಕಿ ಮೂಲೆಯ ಮೇಲೂ ಎರಡು ಗೀಟು ಹಾಕಿ ಬಂದು ಬರೆಯಲಿ.

ಹೋದ ಸಲ ಊರಿಗೆ ಹೋದಾಗ ಪ್ರಯೋಗಾಲಯದಿಂದ ಎರಡು ಸಿಲಿಂಡರ್ ಕೇಳಿ ತೆಗೆದುಕೊಂಡು ಹೋಗಿದ್ದೆ. ಮನೆಯ ಹಿಂದಿನ ಮಣ್ಣು ತೆಗೆದು ಪಡಸಾಲೆಯ ಕಟ್ಟೆಯ ಮೇಲೆ ಇಟ್ಟೆ. ಮರುದಿನ ಮುಂಜಾನೆ ನೀರಿನ ಸಿಲಿಂಡರಿನಲ್ಲಿ ಮಣ್ಣು ಪಕ್ಕದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರಕ್ಕೆ ಬಂದು ನಿಂತಿತ್ತು. ಓಣಿಯವರು ಬಂದು ನೋಡಿದರು. ಗೌಂಡಿ ಕಾಕಾ ಕೋಲೂರಿಕೊಂಡು ಬಂದು ಬಹಳ ಹೊತ್ತು ನೋಡಿದ, ಏನೂ ಹೇಳಲಿಲ್ಲ. ಅವ್ವ ಮಾತ್ರ, ‘ಇದು ಉಬ್ಬತೈತಿ ಅನ್ನೂದು ನಮಗ ಮದಲ ಗೊತ್ತಿತ್ತು. ಪಂಚಾಯ್ತಿಯಾವ್ರಿಗೆ ತೋರಸು’ ಎಂದಳು.

ಮುಂದಿನ ಗ್ರಾಮಸಭೆಗೆ ಹೋಗುವವಳಿದ್ದೇನೆ. ಸಿಲಿಂಡರುಗಳನ್ನು ಇನ್ನೂ ಪ್ರಯೋಗಾಲಯಕ್ಕೆ ಮರಳಿಸಿಲ್ಲ.